ಗೋಕರ್ಣದ ಕಡಲ ದಾರಿಯಲ್ಲಿ ಬಂಡೆಗಳನ್ನು ನೋಡುತ್ತಾ

ಕುಮಟಾದವರಾದ ನಮಗೆ ಗೋಕರ್ಣ ಪಕ್ಕದೂರು. ಅಲ್ಲಿಂದ ತೆಂಕಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಒಂದರ ಹಿಂದೆ ಒಂದು ಕಡಲತೀರ. ನಡುವೆ ಗುಡ್ಡ. ಹತ್ತಬೇಕು, ಇಳಿಯಬೇಕು. ಬಂದವರೆಲ್ಲ ಮರಳು, ಸೂರ್ಯಾಸ್ತ ನೋಡಿ ಹೋಗುತ್ತಾರೆ. ನನಗೆ ಮಾತ್ರ ಇಲ್ಲಿನ ಬಂಡೆಗಳ ಮೇಲೇ ಕಣ್ಣು.

ಗುಡ್ಡದ ಮೇಲಿನ ಕೆಂಪು ಕಲ್ಲು ನಮ್ಮ ಮನೆಗಳ ಗೋಡೆಯಲ್ಲಿರುವ ಚಿರೆಕಲ್ಲೇ. ಎಷ್ಟೋ ಲಕ್ಷ ವರ್ಷ ಮಳೆ ಸುರಿದು, ಹಳೆಯ ಬಂಡೆಯ ಸಿಲಿಕಾ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡ್‌ಗಳು ಉಳಿದುಕೊಂಡಿವೆ. ಆ ಕೆಂಪು ತುಕ್ಕಿನ ಬಣ್ಣ. ನೆಲದೊಳಗೆ ಇದು ಕಡಿಯುವಷ್ಟು ಮೆದು, ಗಾಳಿಗೆ ಬಂದರೆ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಬರೆದಿಟ್ಟಿದ್ದಾನೆ.

ಕಡಲಿಗೆ ಚಾಚಿದ ಗುಡ್ಡದ ಮೂತಿಯತ್ತ ಅಲೆಗಳು ಬಾಗಿ ಬಂದು ಅಲ್ಲೇ ಜೋರಾಗಿ ಬಡಿಯುತ್ತವೆ. ಎರಡು ಮೂತಿಗಳ ನಡುವಿನ ಕೊಲ್ಲಿಯಲ್ಲಿ ಅವುಗಳ ಶಕ್ತಿ ಹಂಚಿಹೋಗುತ್ತದೆ. ಅದಕ್ಕೇ ಮರಳು ಅಲ್ಲಿ ನಿಲ್ಲುತ್ತದೆ.

ಇಳಿತದ ಹೊತ್ತಿಗೆ ಓಂ ಬೀಚಿನ ಬಂಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ. ಮೇಲೆ, ನೀರಿನ ಹನಿ ಮಾತ್ರ ತಾಗುವ ಕಡೆ, ಸಣ್ಣ ಸಣ್ಣ ಬಸವನಹುಳುಗಳು. ಕೆಳಗೆ ಬೂದುಬಣ್ಣದ ಚೂಪು ಗುಳ್ಳೆಗಳ ಪಟ್ಟಿ. ಅದು ಬಾರ್ನಕಲ್. ಇನ್ನೂ ಕೆಳಗೆ ಪಾಚಿ. ಬಾರ್ನಕಲ್ ನೋಡಲು ಚಿಪ್ಪಿನಂತಿದ್ದರೂ ಏಡಿ, ಸೀಗಡಿಗಳ ನೆಂಟ. ಮರಿಯಾಗಿದ್ದಾಗ ಈಜುತ್ತದೆ. ಆಮೇಲೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಬದುಕಿರುವಷ್ಟು ಕಾಲ ಕಾಲುಗಳಿಂದ ನೀರು ಜಾಲಿಸಿ ಉಣ್ಣುತ್ತದೆ. ಎಂಥ ಬದುಕು ಅಲ್ವಾ!

ಪ್ರತಿ ಜೀವಿಯೂ ತನ್ನ ಪಟ್ಟಿಯಲ್ಲೇ ಏಕೆ ಇರುತ್ತದೆ? ಅಮೆರಿಕದ ಜೀವವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್‌ಲೆಂಡ್‌ನ ಕಂಬ್ರೆ ದ್ವೀಪದಲ್ಲಿ ಎರಡು ಜಾತಿಯ ಬಾರ್ನಕಲ್ ಇಟ್ಟುಕೊಂಡು ಇದನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದರು. ಒಂದು ಮೇಲೆ, ಇನ್ನೊಂದು ಕೆಳಗೆ ಬೆಳೆಯುತ್ತಿತ್ತು. ಕೆಳಗಿನದನ್ನು ಕಿತ್ತು ತೆಗೆದರೆ ಮೇಲಿನದು ಕೆಳಗೂ ಚೆನ್ನಾಗಿ ಬದುಕಿತು. ಅಂದರೆ ಅದನ್ನು ಮೇಲೇ ಉಳಿಸಿದ್ದು ನೆರೆಯದರ ಒತ್ತಡ. ಕೆಳಗಿನದು ಮೇಲೇರದಂತೆ ತಡೆದದ್ದು ಒಣಗುವ ಬಿಸಿಲು, ಗಾಳಿ. ಕಿತ್ತು ತೆಗೆದು ಕಾಯುವುದು ಅಷ್ಟೇ ಪ್ರಯೋಗ. ಇಷ್ಟು ಸರಳವಾಗಿ ಇಷ್ಟು ದೊಡ್ಡ ಉತ್ತರ ಸಿಕ್ಕಿದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ಮರಳಲ್ಲೂ ಕೆಲಸ ನಡೆದಿರುತ್ತದೆ. ನೀರು ಇಳಿದ ಮೇಲೆ ಪುಟ್ಟ ಏಡಿಗಳು ಬಿಲದಿಂದ ಹೊರಬಂದು, ಮರಳಿನಲ್ಲಿರುವ ತಿನ್ನುವಂಥದ್ದನ್ನೆಲ್ಲ ಸೋಸಿಕೊಂಡು, ಉಳಿದ ಮರಳನ್ನು ಸಾಸಿವೆ ಕಾಳಿನಂಥ ಉಂಡೆ ಮಾಡಿ ಬಿಡುತ್ತವೆ. ಉಬ್ಬರ ಬಂದು ಎಲ್ಲ ಅಳಿಸುತ್ತದೆ.

ಹೊರಡುವ ಮುಂಚೆ ಇಳಿತದ ಹೊತ್ತು ಕೇಳಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತೀರಾ ಕೆಳಗಿಳಿಯುವುದರಿಂದ ಪಟ್ಟಿಗಳೆಲ್ಲ ಕಾಣುತ್ತವೆ. ಮಳೆಗಾಲದಲ್ಲಿ ಬೇಡ. ಕಲ್ಲು ಜಾರುತ್ತದೆ, ಅಲೆ ಬಂಡೆಯ ಮೇಲಕ್ಕೇ ಏರುತ್ತದೆ. ಸಣ್ಣ ಕಲ್ಲನ್ನು ಎತ್ತಿ ನೋಡಿದರೆ ಅದೇ ಮಗ್ಗುಲಿಗೆ ತಿರುಗಿಸಿ ಇಡಿ. ಇಲ್ಲದಿದ್ದರೆ ಅಡಿಯಲ್ಲಿ ಅಂಟಿಕೊಂಡ ಜೀವಿಗಳು ಬಿಸಿಲಿಗೆ ಬೇಗ ಒಣಗಿ ಸಾಯುತ್ತವೆ.