ಸರ್‌ನೇಮ್ ಒಂದೇ ಆದರೆ ನೆಂಟರಾ?

1927ರ ನ್ಯೂಯಾರ್ಕ್ ಯಾಂಕೀಸ್ ಅಂದರೆ ಅಮೆರಿಕದ ಬೇಸ್‌ಬಾಲ್ ಪ್ರಿಯರು ಇವತ್ತಿಗೂ ಕಣ್ಣರಳಿಸುತ್ತಾರೆ. ಆ ವರ್ಷ ಆ ತಂಡ 110 ಪಂದ್ಯ ಗೆದ್ದು ಬರೀ 44 ಸೋತಿತು. ಕೊನೆಗೆ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಒಂದು ಪಂದ್ಯವನ್ನೂ ಬಿಟ್ಟುಕೊಡದೆ 4-0 ಅಂತರದಲ್ಲಿ ಗೆದ್ದುಬಿಟ್ಟಿತು. ಬೇಬ್ ರೂತ್ ಒಬ್ಬರೇ 60 ಹೋಮ್ ರನ್ (ನಮ್ಮ ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು. ಅವರ ಬೆನ್ನಿಗೇ ಬ್ಯಾಟಿಂಗ್‌ಗೆ ಬರುತ್ತಿದ್ದ ಲೂ ಗೆರಿಗ್ 47 ಹೊಡೆದರು.

ಇಂಥ ತಂಡದ ಮೇಲೆ ಕ್ವಿಜ್ ಪ್ರಶ್ನೆಗಳು ಹುಟ್ಟದೇ ಇರುತ್ತವೆಯೇ? ಒಂದು ಬಗೆಯ ಪ್ರಶ್ನೆ ಹೀಗಿರುತ್ತದೆ: ಈ ಆಟಗಾರರ ಅಡ್ಡಹೆಸರೇ, ಅಂದರೆ ಸರ್‌ನೇಮೇ, ಇರುವ ಬೇರೆ ಪ್ರಸಿದ್ಧರು ಯಾರು? ವಿಜ್ಞಾನಿಗಳನ್ನೇ ಹಿಡಿದು ಆಡಿದರೂ ಆಟ ಚೆನ್ನಾಗಿ ಸಾಗುತ್ತದೆ. ಚೆಂಡೆಸೆಯುವ ಪಿಚರ್ ವಿಲ್ಸಿ ಮೂರ್ ಅಂದ ಕೂಡಲೇ ಕಂಪ್ಯೂಟರ್ ಚಿಪ್‌ಗಳ ಬಗ್ಗೆ ‘ಮೂರ್ ನಿಯಮ’ ಹೇಳಿದ ಗಾರ್ಡನ್ ಮೂರ್ ಸಿಗುತ್ತಾರೆ. ಕ್ಯಾಚರ್ ಪ್ಯಾಟ್ ಕಾಲಿನ್ಸ್‌ಗೆ ಅಪೊಲೊ 11ರ ಗಗನಯಾತ್ರಿ ಮೈಕೆಲ್ ಕಾಲಿನ್ಸ್ ಇದ್ದಾರೆ, ಮಾನವ ಜೀನೋಮ್ ಯೋಜನೆ ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಕೂಡ ಇದ್ದಾರೆ. ಮೈಲ್ಸ್ ಥಾಮಸ್‌ಗೆ ಜೋಡಿಯಾಗಿ ಅಸ್ಥಿಮಜ್ಜೆಯ ಕಸಿಗಾಗಿ 1990ರಲ್ಲಿ ನೊಬೆಲ್ ಪಡೆದ ಡೊನಾಲ್ ಥಾಮಸ್. ತಂಡದ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಅವರನ್ನೂ ಬಿಡುವುದು ಬೇಡ. ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದ ವಿಲಿಯಂ ಹಗಿನ್ಸ್ ಇದ್ದಾರಲ್ಲ.

ಆದರೆ ಗೆರಿಗ್? ಇಲ್ಲಿ ಆಟ ನಿಂತುಬಿಡುತ್ತದೆ. ಇನ್ನೊಬ್ಬ ಪ್ರಸಿದ್ಧ ಗೆರಿಗ್ ಬೇಕೆಂದರೆ ಪಕ್ಕಾ ಕ್ವಿಜ್ ಹುಚ್ಚರೂ ತಲೆ ಕೆರೆದುಕೊಳ್ಳಬೇಕು.

ಕೆಲವು ಹೆಸರು ಇಷ್ಟು ಹರಡಿ, ಕೆಲವು ಹೀಗೆ ಸೊರಗುವುದು ಯಾಕೆ? ಹೆಸರು ಒಂದೇ ಆದವರು ರಕ್ತದಲ್ಲೂ ಒಂದೇನಾ? ನನಗೆ ಕ್ವಿಜ್‌ಗಿಂತ ಈ ಪ್ರಶ್ನೆಗಳೇ ಜಾಸ್ತಿ ರುಚಿಸುತ್ತವೆ.

ಮೊದಲು ಲೆಕ್ಕ ನೋಡೋಣ. 2010ರ ಅಮೆರಿಕದ ಜನಗಣತಿಯ ಅಡ್ಡಹೆಸರುಗಳ ಪಟ್ಟಿಯಲ್ಲಿ ಥಾಮಸ್ 16ನೇ ಸ್ಥಾನದಲ್ಲಿದೆ, ಮೂರ್ 18ನೇ ಸ್ಥಾನದಲ್ಲಿ. ತಲಾ 7 ಲಕ್ಷಕ್ಕೂ ಹೆಚ್ಚು ಜನ. ಮೊದಲ ಸ್ಥಾನ ಸ್ಮಿತ್‌ಗೆ, ಸುಮಾರು 24 ಲಕ್ಷ. ಅಂದರೆ ಹೆಚ್ಚುಕಡಿಮೆ 125 ಜನರಲ್ಲಿ ಒಬ್ಬರು ಸ್ಮಿತ್. ತಮಾಷೆಯೆಂದರೆ 1927ರ ಯಾಂಕೀಸ್‌ನ 25 ಆಟಗಾರರಲ್ಲಿ ಒಬ್ಬನೂ ಸ್ಮಿತ್ ಇರಲಿಲ್ಲ. ಜಾನ್ಸನ್, ವಿಲಿಯಮ್ಸ್, ಬ್ರೌನ್, ಜೋನ್ಸ್ ಕೂಡ ಇರಲಿಲ್ಲ. ಯಾವ ಇಬ್ಬರಿಗೂ ಒಂದೇ ಅಡ್ಡಹೆಸರು ಇರಲಿಲ್ಲ. ಅದರ ಬದಲು ಲಝೆರಿ, ಗ್ರಾಬೌಸ್ಕಿ, ಕೋನಿಗ್, ಪಿಪ್‌ಗ್ರಾಸ್ ಇದ್ದರು. ಯುರೋಪಿನಿಂದ ಹಡಗು ಹತ್ತಿ ಬಂದವರ ಮನೆತನದ ಹೆಸರುಗಳು ಇವು. ಕಪ್ಪು ಆಟಗಾರರಿಗೆ ಆಗ ಬೇಸ್‌ಬಾಲ್‌ನ ಮೇಲ್ಮಟ್ಟದ ಮೇಜರ್ ಲೀಗ್‌ನ ಬಾಗಿಲೇ ಮುಚ್ಚಿತ್ತು. ಅದು ತೆರೆದದ್ದು 1947ರಲ್ಲಿ, ಜ್ಯಾಕಿ ರಾಬಿನ್ಸನ್ ಕಾಲಕ್ಕೆ.

ಇದೇ ಆಟವನ್ನು ಕೊರಿಯಾದ ತಂಡದ ಮೇಲೆ ಆಡಿದರೆ ಎರಡು ನಿಮಿಷಕ್ಕೆ ಬೇಜಾರು ಬರುತ್ತದೆ. ಅಲ್ಲಿ ಐವರಲ್ಲಿ ಒಬ್ಬರು ಕಿಮ್. 25 ಜನರ ತಂಡದಲ್ಲಿ ಐದು ಜನ ಕಿಮ್ ಇದ್ದರೂ ಯಾರೂ ಹುಬ್ಬೇರಿಸುವುದಿಲ್ಲ.

ಹೆಸರು ಹರಡಲು ಮೊದಲ ಕಾರಣ ಅದು ಎಷ್ಟು ಕಡೆ ಹುಟ್ಟಿತು ಎಂಬುದು. ಥಾಮಸ್ ಅನ್ನುವುದು ಮೂಲತಃ ಅಪ್ಪನ ಹೆಸರು. ಥಾಮಸ್ ಎಂಬ ಅಪ್ಪಂದಿರು ಇಂಗ್ಲೆಂಡ್, ವೇಲ್ಸ್‌ಗಳ ಊರೂರಲ್ಲೂ ಇದ್ದರು. ಹಾಗಾಗಿ ಆ ಅಡ್ಡಹೆಸರು ಒಂದೇ ಬೇರಿನಿಂದ ಬಂದದ್ದಲ್ಲ, ನೂರಾರು ಕಡೆ ಬೇರೆ ಬೇರೆಯಾಗಿ ಮೊಳೆತದ್ದು. ನಮ್ಮ ಉತ್ತರ ಕರ್ನಾಟಕದ ಪಾಟೀಲ, ಕುಲಕರ್ಣಿಗಳ ಹಾಗೆ. ಊರಿಗೊಬ್ಬ ಪಾಟೀಲ ಇದ್ದ ಮೇಲೆ ಬೆಳಗಾವಿಯ ಪಾಟೀಲರೂ ರಾಯಚೂರಿನ ಪಾಟೀಲರೂ ನೆಂಟರೇ ಆಗಬೇಕೆಂದೇನಿಲ್ಲ, ಅಲ್ವಾ? ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಪದರವೂ ಇದೆ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಲಕ್ಷಾಂತರ ಕಪ್ಪು ಜನರ ಅಡ್ಡಹೆಸರುಗಳು ಮೊದಲ ಬಾರಿ ಸರ್ಕಾರಿ ದಾಖಲೆಗೆ ಏರಿದವು. ಅದರಲ್ಲಿ ಥಾಮಸ್, ಮೂರ್‌ಗಳೂ ಬಂದರು.

ಅಪ್ಪನ ಹೆಸರು ಮನೆತನದ ಹೆಸರಾಗಿ ಗಟ್ಟಿಯಾಗುವುದು ಹಳೇ ಕಥೆಯೇನಲ್ಲ. ಅಮೆರಿಕಕ್ಕೆ ಹೋದ ಎಷ್ಟೋ ಕನ್ನಡಿಗರಿಗೆ ಈ ಅನುಭವ ಇದೆ. ಇಲ್ಲಿ ಇನಿಷಿಯಲ್‌ನಲ್ಲೇ ಜೀವನ ನಡೆಸಿದವರಿಗೆ ಅಲ್ಲಿನ ಅರ್ಜಿ ‘ಲಾಸ್ಟ್ ನೇಮ್’ ಕೇಳುತ್ತದೆ. ಅಪ್ಪನ ಹೆಸರೋ ಊರ ಹೆಸರೋ ಅಲ್ಲಿ ಕೂರುತ್ತದೆ. ಮಕ್ಕಳಿಗೂ ಅದೇ ಸಾಗುತ್ತದೆ. ಅಜ್ಜ ರಾಮಣ್ಣ ಸದ್ದಿಲ್ಲದೆ ಒಂದು ಅಮೆರಿಕನ್ ವಂಶದ ಅಡ್ಡಹೆಸರಾಗಿಬಿಡುತ್ತಾರೆ.

ಇನ್ನು ಸೊರಗುವ ಹೆಸರುಗಳು. ಈ ಪ್ರಶ್ನೆಯನ್ನು 1873ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ಪತ್ರಿಕೆಯಲ್ಲಿ ಗಣಿತದ ಸಮಸ್ಯೆಯಾಗಿ ಹಾಕಿದರು. ಹೆಸರಾಂತ ಮನೆತನಗಳು ಅಳಿಯುತ್ತಿವೆ, ಅದು ಆ ಮನೆತನಗಳ ದೌರ್ಬಲ್ಯವೋ ಸುಮ್ನೆ ಅದೃಷ್ಟದ ಆಟವೋ ಎಂಬುದು ಅವರ ತಲೆಬಿಸಿ. ಉತ್ತರಿಸಿದವರು ಹೆನ್ರಿ ವಾಟ್ಸನ್ ಎಂಬ ಪಾದ್ರಿ, ಗಣಿತವನ್ನೂ ಬಲ್ಲವರು.

ಅವರ ವಿಚಾರವನ್ನು ಎರಡು ನಾಣ್ಯ ಹಿಡಿದು ಮನೆಯಲ್ಲೇ ಆಡಿ ನೋಡಬಹುದು. ಒಬ್ಬ ಗಂಡಸಿಗೆ ಎರಡು ನಾಣ್ಯ ಚಿಮ್ಮಿ. ಎಷ್ಟು ಹೆಡ್ ಬಿತ್ತೋ ಅಷ್ಟು ಗಂಡುಮಕ್ಕಳು. ಎರಡೂ ಟೇಲ್ ಬಿದ್ದರೆ ಗಂಡುಮಕ್ಕಳಿಲ್ಲ, ಹೆಸರು ಅಲ್ಲಿಗೇ ನಿಂತಿತು. ಮಕ್ಕಳಿದ್ದರೆ ಪ್ರತಿಯೊಬ್ಬನಿಗೂ ಮತ್ತೆ ಎರಡೆರಡು ನಾಣ್ಯ. ಸರಾಸರಿ ನೋಡಿದರೆ ಒಬ್ಬನಿಗೆ ಒಬ್ಬ ಮಗ, ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ. ಆದರೆ ಮಕ್ಕಳ ತಲೆಮಾರಿಗೇ ಹೆಸರು ಅಳಿಯುವ ಸಾಧ್ಯತೆ 25%. ಮೊಮ್ಮಕ್ಕಳ ಹೊತ್ತಿಗೆ 39%. ಮರಿಮಕ್ಕಳ ಹೊತ್ತಿಗೆ 48%. ಅದರಾಚೆಯ ತಲೆಮಾರಿಗೆ 55%. ಹೀಗೇ ಹೋದರೆ ಎಂದಾದರೊಂದು ದಿನ ಅಳಿಯುವುದು ಗ್ಯಾರಂಟಿ. ಯಾಕೆಂದರೆ ಸೊನ್ನೆಗೆ ಬಿದ್ದ ಹೆಸರು ಮತ್ತೆ ಏಳುವುದಿಲ್ಲ. ಸಾವಿರ ಮನೆಯಲ್ಲಿರುವ ಹೆಸರಿಗೆ ಸಾವಿರ ಅವಕಾಶ, ಒಂದೇ ಮನೆಯ ಹೆಸರಿಗೆ ಒಂದೇ.

ವಾಟ್ಸನ್ ಮಾತ್ರ ಒಂದು ಹೆಜ್ಜೆ ಜಾಸ್ತಿ ಹೋಗಿ, ಎಲ್ಲ ಹೆಸರೂ ಅಳಿಯಲೇಬೇಕು ಅಂದುಬಿಟ್ಟರು. ಅದು ತಪ್ಪು. ಗಂಡುಮಕ್ಕಳ ಸರಾಸರಿ ಒಂದಕ್ಕಿಂತ ಹೆಚ್ಚಿದ್ದರೆ ಉಳಿಯುವ ಅವಕಾಶ ಇದ್ದೇ ಇದೆ. ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಬಿಯೆನೆಮೆ 1845ರಲ್ಲೇ ಇದನ್ನು ಸರಿಯಾಗಿ ಹೇಳಿದ್ದರು, ಯಾರೂ ಗಮನಿಸಲಿಲ್ಲ. ಆದರೂ ಅವಕಾಶ ದೊಡ್ಡದೇನಲ್ಲ. 1920ರ ಅಮೆರಿಕದ ಜನಗಣತಿ ಹಿಡಿದು ಜನಸಂಖ್ಯಾ ತಜ್ಞ ಆಲ್‌ಫ್ರೆಡ್ ಲೋಟ್ಕಾ ಲೆಕ್ಕ ಹಾಕಿದಾಗ, ಜನಸಂಖ್ಯೆ ಏರುತ್ತಿದ್ದ ಆ ದೇಶದಲ್ಲೂ ಒಬ್ಬ ಬಿಳಿಯ ಗಂಡಸಿನ ಗಂಡುಸಂತಾನದ ಸಾಲು ಮುಂದೆಂದೋ ನಿಂತುಹೋಗುವ ಸಾಧ್ಯತೆ 80%ಗಿಂತ ಹೆಚ್ಚೇ ಬಂತು.

ಈ ನಾಣ್ಯದಾಟವನ್ನು ಯಾಂಕೀಸ್ ಡ್ರೆಸ್ಸಿಂಗ್ ರೂಮಿಗೆ ತನ್ನಿ. ಗೆರಿಗ್‌ರ ತಂದೆ ತಾಯಿ ಜರ್ಮನಿಯಿಂದ ಬಂದವರು. ಅವರಿಗೆ ನಾಲ್ಕು ಮಕ್ಕಳು ಹುಟ್ಟಿ, ಬದುಕಿ ಉಳಿದದ್ದು ಲೂ ಒಬ್ಬರೇ. ಲೂ 1933ರಲ್ಲಿ ಎಲಿನರ್ ಅವರನ್ನು ಮದುವೆಯಾದರು, ಮಕ್ಕಳಾಗಲಿಲ್ಲ. ಬಾಲ್ಟಿಮೋರ್‌ನ ರೂತ್ ಮನೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ದೊಡ್ಡವರಾಗಿ ಬೆಳೆದದ್ದು ಬೇಬ್ ಮತ್ತು ತಂಗಿ ಮೇಮಿ ಮಾತ್ರ. ಬೇಬ್‌ಗೆ ಡೊರೊತಿ, ಜೂಲಿಯಾ ಎಂಬ ಇಬ್ಬರು ಹೆಣ್ಣುಮಕ್ಕಳು. ಬೇಸ್‌ಬಾಲ್‌ನ ಎರಡು ಅತಿದೊಡ್ಡ ಹೆಸರುಗಳ ಆ ಎರಡೂ ಕವಲುಗಳು ಹೀಗೆ ನಿಂತವು. ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗಾಲ್ಟನ್ ಕೊರಗಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೇನು ಬೇಕು.

ಇನ್ನು ರಕ್ತಸಂಬಂಧದ ಮಾತು. ಗಂಡಸರಲ್ಲಿ ಮಾತ್ರ ಇರುವ ಡಿಎನ್‌ಎ ಎಳೆ, ವೈ ಕ್ರೋಮೊಸೋಮ್, ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಅಡ್ಡಹೆಸರು ಇಳಿಯುವ ದಾರಿಯೂ ಅದೇ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ 40 ಬ್ರಿಟಿಷ್ ಅಡ್ಡಹೆಸರುಗಳ ಗಂಡಸರ ಡಿಎನ್‌ಎ ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಮಿತ್‌ಗಳು ಬೇರೆ ಯಾವುದೇ ಇಬ್ಬರು ಬ್ರಿಟಿಷರ ಹಾಗೆಯೇ ಇದ್ದರು, ಹೆಸರಿನಿಂದ ನೆಂಟಸ್ತನ ಏನೂ ತಿಳಿಯಲಿಲ್ಲ. ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನರ ವೈ ಕ್ರೋಮೊಸೋಮ್ ಒಂದೇ ಬಗೆಯದು, ಒಬ್ಬನೇ ಮೂಲಪುರುಷನ ಗುರುತು. ಅಂದರೆ ಎದುರಿಗೆ ಸಿಕ್ಕವರು ಮೂರ್ ಅಂದರೆ ಕೈ ಕುಲುಕಿ ಮುಂದೆ ಹೋಗಬಹುದು. ಗೆರಿಗ್ ಅಂದರೆ ಯಾವ ಊರ ಕಡೆಯವರು ಎಂದು ಒಂದು ಮಾತು ಕೇಳುವುದು ಲೇಸು.

ಸಂತಾನ ನಿಂತರೂ ಆ ಎರಡು ಹೆಸರು ಬೇರೆ ದಾರಿಯಲ್ಲಿ ನಡೆದವು. ಗೆರಿಗ್ ಸತತ 2,130 ಪಂದ್ಯ ಆಡಿ 1939ರಲ್ಲಿ ನಿಲ್ಲಿಸಿದ್ದು ಎಎಲ್‌ಎಸ್ ಎಂಬ ನರರೋಗದಿಂದ. 1941ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಆ ಕಾಯಿಲೆಯನ್ನು ಈಗಲೂ ಲೂ ಗೆರಿಗ್ ಕಾಯಿಲೆ ಅನ್ನುತ್ತಾರೆ.

ರೂತ್ ಕಥೆ ಮಾತ್ರ ನಗು ಬರಿಸುವಂಥದ್ದು. 1921ರಲ್ಲಿ, ರೂತ್ ಹೆಸರು ಮನೆಮಾತಾಗಿದ್ದಾಗ, ಕರ್ಟಿಸ್ ಕಂಪನಿ ‘ಬೇಬಿ ರೂತ್’ ಎಂಬ ಚಾಕೊಲೇಟ್ ಬಾರ್ ಮಾರುಕಟ್ಟೆಗೆ ತಂತು. ಆಟಗಾರನಿಗೆ ಕಾಸು ಕೊಟ್ಟಿತಾ? ಇಲ್ಲ. ಇದು ಅಮೆರಿಕದ ಹಿಂದಿನ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ರ ಮಗಳು ರೂತ್ ಹೆಸರು ಎಂದಿತು. ಆ ಹುಡುಗಿ ತೀರಿಕೊಂಡು ಆಗಲೇ 17 ವರ್ಷವಾಗಿತ್ತು! ಮುಂದೆ ಬೇಬ್ ರೂತ್ ತಮ್ಮದೇ ಹೆಸರಿನಲ್ಲಿ ‘ರೂತ್ಸ್ ಹೋಮ್ ರನ್’ ಮಿಠಾಯಿ ತರಲು ಹೋದಾಗ ಕರ್ಟಿಸ್ ಅಡ್ಡ ಬಂತು. ಜಗಳ ಕೋರ್ಟಿಗೆ ಹೋಯಿತು. 1931ರಲ್ಲಿ ತೀರ್ಪು ಕರ್ಟಿಸ್ ಪರವಾಗಿ ಬಂತು, ರೂತ್ ಕಡೆಯವರಿಗೆ ಟ್ರೇಡ್‌ಮಾರ್ಕ್ ಸಿಗಲಿಲ್ಲ.