ರಾಜ್ಯಕ್ಕೆ ಸ್ವಚ್ಛತೆಯ ಪ್ರಶಸ್ತಿ, ರಸ್ತೆ ಬದಿಯಲ್ಲಿ ಕಸ: ಶ್ರೇಯಾಂಕ ಅಳೆಯುವುದಾದರೂ ಏನನ್ನು?

ಪ್ರಶ್ನೆ: ಸ್ವಚ್ಛತೆಯಲ್ಲಿ ಮೇಲಿನ ಸ್ಥಾನ ಪಡೆದ ರಾಜ್ಯಗಳಲ್ಲಿ, ಜಿಲ್ಲೆಗಳಲ್ಲಿ ಓಡಾಡಿದ್ದೇನೆ. ಊರೊಳಗೆ ಪರವಾಗಿಲ್ಲ. ಆದರೆ ಊರು ದಾಟಿದ ಕೂಡಲೇ ರಸ್ತೆಯ ಎರಡೂ ಬದಿಯಲ್ಲಿ ಪ್ಲಾಸ್ಟಿಕ್, ಬಾಟಲಿ, ಹರಿದ ಚೀಲಗಳು. ಹಾಗಾದರೆ ಈ ಶ್ರೇಯಾಂಕಗಳನ್ನು ನಂಬುವುದು ಹೇಗೆ?

ಉತ್ತರ: ಶ್ರೇಯಾಂಕ ಸುಳ್ಳು ಹೇಳುತ್ತಿಲ್ಲ, ನೀವು ಕಣ್ಣಾರೆ ಕಂಡದ್ದೂ ಸುಳ್ಳಲ್ಲ. ನೀವು ಕಸ ಕಂಡ ಜಾಗ ಸಮೀಕ್ಷೆಯ ದಾರಿಯಲ್ಲಿ ಬರುವುದೇ ಅಪರೂಪ, ಅಷ್ಟೇ. ಊರೊಳಗೆ ಪರವಾಗಿಲ್ಲ, ಊರು ದಾಟಿದರೆ ಕಸ ಎಂದು ನೀವೇ ಬರೆದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ದೇಶದಲ್ಲಿ ಎರಡು ಬೇರೆ ಬೇರೆ ಸ್ವಚ್ಛತಾ ಸಮೀಕ್ಷೆಗಳಿವೆ. ನಗರಗಳದ್ದು ಒಂದು. 2016ರಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲಾಗಿದ್ದು, 2017ರಿಂದ ಇಂದೋರ್ ಸತತವಾಗಿ ಮೇಲಿದ್ದದ್ದು ಈ ಪಟ್ಟಿಯಲ್ಲಿ. ಇದೇ ಸಮೀಕ್ಷೆ ರಾಜ್ಯಗಳಿಗೂ ಸ್ಥಾನ ಕೊಟ್ಟದ್ದಿದೆ. 2023ರಲ್ಲಿ ಮಹಾರಾಷ್ಟ್ರ ಮೊದಲನೆಯದಾಯಿತು, ಮಧ್ಯಪ್ರದೇಶ ಎರಡನೆಯದು. ‘ದೇಶದ ಅತ್ಯಂತ ಸ್ವಚ್ಛ ರಾಜ್ಯ’ ಎಂಬ ಶೀರ್ಷಿಕೆ ಓದಿದವರಿಗೆ ಅದು ಆ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ಅಂಕ ಮಾತ್ರ, ಒಂದೇ ಒಂದು ಹಳ್ಳಿಯೂ ಆ ಲೆಕ್ಕದಲ್ಲಿಲ್ಲ ಎಂಬುದು ಹೊಳೆಯುವುದಿಲ್ಲ. ಎರಡನೆಯದು ‘ಸ್ವಚ್ಛ ಸರ್ವೇಕ್ಷಣ ಗ್ರಾಮೀಣ’. ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಇದನ್ನು ನಡೆಸುತ್ತದೆ. 2018ರಲ್ಲಿ ಹರಿಯಾಣ, 2019ರಲ್ಲಿ ತಮಿಳುನಾಡು ಇದರಲ್ಲಿ ಮೊದಲ ಸ್ಥಾನ ಪಡೆದವು. 2021ರ ಸಮೀಕ್ಷೆಯ ಫಲಿತಾಂಶ 2022ರ ಗಾಂಧಿ ಜಯಂತಿಯಂದು ಹೊರಬಿದ್ದಾಗ ದೊಡ್ಡ ರಾಜ್ಯಗಳ ಸಾಲಿನಲ್ಲಿ ತೆಲಂಗಾಣ ಮೊದಲಿತ್ತು. ಹಳ್ಳಿಗಾಡಿನ ಕಸದ ಬಗ್ಗೆ ಮಾತಾಡುವುದಾದರೆ ನೋಡಬೇಕಾದದ್ದು ಈ ಎರಡನೆಯ ಪಟ್ಟಿಯನ್ನು.

ಅದು ನೋಡುವುದೇನನ್ನು? 2021ರ ಸಮೀಕ್ಷೆಯ ಚೌಕಟ್ಟನ್ನೇ ತೆಗೆದುಕೊಳ್ಳಿ: 698 ಜಿಲ್ಲೆಗಳ 17,475 ಹಳ್ಳಿಗಳು, 87,250 ಸಾರ್ವಜನಿಕ ಸ್ಥಳಗಳು, 1,74,750 ಮನೆಗಳು. ಭಾಗಿಸಿ ನೋಡಿದರೆ ಸರಾಸರಿ ಜಿಲ್ಲೆಗೆ 25 ಹಳ್ಳಿ, ಹಳ್ಳಿಗೆ 5 ಸಾರ್ವಜನಿಕ ಸ್ಥಳ, 10 ಮನೆ. ಆ ಸಾರ್ವಜನಿಕ ಸ್ಥಳಗಳೆಂದರೆ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಸಂತೆ, ದೇವಸ್ಥಾನ ಅಥವಾ ಮಸೀದಿಯಂಥವು. ಇವೆಲ್ಲ ಯಾರಾದರೊಬ್ಬರು ಪೊರಕೆ ಹಿಡಿಯುವ ಜಾಗಗಳೇ. ಅಂಗನವಾಡಿಗೆ ಸಹಾಯಕಿ ಇರುತ್ತಾರೆ, ಗುಡಿಗೆ ಅರ್ಚಕರ ಮನೆಯವರಿರುತ್ತಾರೆ. ಎರಡು ಊರುಗಳ ನಡುವಿನ ಮೂರು ಕಿಲೋಮೀಟರ್ ರಸ್ತೆಗೆ ಅಂಥ ಯಾರೂ ಇಲ್ಲ, ಸಮೀಕ್ಷೆಯ ಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಇಷ್ಟನ್ನು ನೋಡಿದ್ದಕ್ಕೂ ಪೂರ್ತಿ ಅಂಕವಿಲ್ಲ. ಆ ಸಮೀಕ್ಷೆಯಲ್ಲಿ ನೇರ ವೀಕ್ಷಣೆಗೆ ಇದ್ದದ್ದು ಶೇ 30. ಜನರ ಅಭಿಪ್ರಾಯಕ್ಕೆ ಶೇ 35, ಸೇವೆಗಳ ಪ್ರಗತಿಗೆ ಶೇ 35. ಶೌಚಾಲಯ, ಕಸ ವಿಲೇವಾರಿ ಘಟಕ, ಕೊಳಚೆ ನೀರಿನ ಗುಂಡಿ ಇವೆಲ್ಲ ಎಷ್ಟು ಆಗಿವೆ ಎನ್ನುವುದು ಸೇವೆಯ ಲೆಕ್ಕ. ಅದು ಬೇಕು, ಬೇಡವೆಂದು ನಾನು ಹೇಳಲಾರೆ. ಆದರೆ ಆಡಳಿತದ ದಾಖಲೆಗೂ ಮನೆಬಾಗಿಲಿನ ಎಣಿಕೆಗೂ ಎಷ್ಟು ಅಂತರ ಬೀಳಬಹುದು ಎಂಬುದನ್ನು ನಾವು ಒಮ್ಮೆ ನೋಡಿದ್ದೇವೆ. 2018ರ ಕೊನೆಯ ಹೊತ್ತಿಗೆ ಗ್ರಾಮೀಣ ಭಾರತದ ಶೇ 90ಕ್ಕೂ ಹೆಚ್ಚು ಮನೆಗಳಿಗೆ ಶೌಚಾಲಯವಿದೆ ಎಂದು ಸರ್ಕಾರಿ ಅಂಕಿ ಹೇಳುತ್ತಿತ್ತು. ಅದೇ ವರ್ಷದ ದ್ವಿತೀಯಾರ್ಧದಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ ಸಿಕ್ಕಿದ್ದು ಶೇ 71.3. ಕಟ್ಟಡದಂತೆ ನಿಂತಿರುವ ಶೌಚಾಲಯದ ಕಥೆಯೇ ಹೀಗಾದರೆ, ಇಂದು ಬಿದ್ದು ನಾಳೆ ಗಾಳಿಗೆ ಹಾರುವ ಕಸದ ಬಗ್ಗೆ ಕಾಗದದ ಲೆಕ್ಕ ಏನು ಹೇಳೀತು?

ಈಗ ಕಸ ನಿಜವಾಗಿ ಬೀಳುವ ಜಾಗಕ್ಕೆ ಬನ್ನಿ. ನಮ್ಮ ಕಡೆಯ ಯಾವುದೇ ತಾಲ್ಲೂಕು ಕೇಂದ್ರದಿಂದ ಹೊರಟು ಊರಿನ ಕೊನೆಯ ಮನೆ ದಾಟಿ, ಮೊದಲ ಮೋರಿಯ ಹತ್ತಿರ ಗಾಡಿ ನಿಲ್ಲಿಸಿ ಕೆಳಗಿಳಿದು ನೋಡಿ. ಮೋರಿ ಕಟ್ಟೆಯ ಮೇಲೆ ಮತ್ತು ಸುತ್ತ ಮದ್ಯದ ಟೆಟ್ರಾ ಪೊಟ್ಟಣಗಳು, ಪ್ಲಾಸ್ಟಿಕ್ ಲೋಟಗಳು, ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ. ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿ, ಬಾಯಿ ಕಟ್ಟಿದ ಗೋಣಿಚೀಲ. ಅದರ ವಾಸನೆಯೇ ಹೇಳುತ್ತದೆ, ಕೋಳಿ ಅಂಗಡಿಯ ಪುಕ್ಕ ಮತ್ತು ಕರುಳು. ಪಕ್ಕದಲ್ಲಿ ಡೈಪರ್‌ಗಳ ಗಂಟು. ಇನ್ನೊಂದು ತಿರುವಿನಲ್ಲಿ ಯಾವುದೋ ಮದುವೆ ಊಟದ ತಟ್ಟೆಗಳ ರಾಶಿ, ಅದನ್ನು ಮೇಯುತ್ತಿರುವ ಎರಡು ಹಸು. ಈ ಕಸದಲ್ಲಿ ಬಹುಪಾಲು ಆ ಹಳ್ಳಿಯವರದಲ್ಲ. ದಾರಿಹೋಕರದು, ಪೇಟೆಯ ಅಂಗಡಿಗಳದು, ಕತ್ತಲಾದ ಮೇಲೆ ಗೂಡ್ಸ್ ಆಟೊದಲ್ಲಿ ತಂದು ಸುರಿದು ಹೋಗುವವರದು. ಕೆರೆ ಏರಿ, ಘಾಟಿಯ ತಿರುವು, ಎರಡು ಪಂಚಾಯಿತಿಗಳ ಗಡಿ, ದೀಪವಿಲ್ಲದ ನೇರ ರಸ್ತೆ ಇವೇ ಕಸಕ್ಕೆ ಇಷ್ಟವಾದ ಜಾಗಗಳು. ಅಂದರೆ ಕಸ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ, ಕೆಲವೇ ಜಾಗಗಳಲ್ಲಿ ಗುಡ್ಡೆ ಬೀಳುತ್ತದೆ. ಜಿಲ್ಲೆಗೆ 25 ಹಳ್ಳಿ ಆರಿಸಿ ಮನೆಗಳ ಶೌಚಾಲಯ ಎಣಿಸಿದರೆ ಒಂದು ನಂಬಬಹುದಾದ ಸರಾಸರಿ ಸಿಗುತ್ತದೆ. ಅದೇ ವಿಧಾನದಿಂದ ಈ ಗುಡ್ಡೆಗಳನ್ನು ಹಿಡಿಯಲಾಗುವುದಿಲ್ಲ.

ಕಾಲದ ಪ್ರಶ್ನೆಯೂ ಇದೆ, ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. 2018ರ ಗ್ರಾಮೀಣ ಸಮೀಕ್ಷೆ ನಡೆದದ್ದು ಆಗಸ್ಟ್ 1ರಿಂದ 31ರವರೆಗೆ. ಆಗ ಮಲೆನಾಡು, ಕರಾವಳಿಯ ರಸ್ತೆ ಬದಿಯಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ಚರಂಡಿಯ ಪ್ಲಾಸ್ಟಿಕ್ ಮಳೆನೀರಿಗೆ ಕೊಚ್ಚಿ ಹಳ್ಳ ಸೇರಿರುತ್ತದೆ. ಅದೇ ರಸ್ತೆಗೆ ಫೆಬ್ರುವರಿ ಮಾರ್ಚ್‌ನಲ್ಲಿ ಹೋದರೆ ಒಣಹುಲ್ಲು ಮಲಗಿ ಇಡೀ ವರ್ಷದ ಕಸ ಎದ್ದು ಕಾಣುತ್ತದೆ. ಒಂದೇ ಬಾರಿ ಹೋಗಿ ನೋಡಿ ಬರುವ ಸಮೀಕ್ಷೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ಇದು ಅನ್ಯಾಯವೇ ಎಂದು ನೇರವಾಗಿ ಕೇಳಿದರೆ ನನ್ನ ಉತ್ತರ: ಹೌದು, ಮುಖ್ಯವಾಗಿ ಹೆದ್ದಾರಿ ಪಕ್ಕದ ಮತ್ತು ಪಟ್ಟಣದ ಅಂಚಿನ ಪಂಚಾಯಿತಿಗಳಿಗೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳ್ಳಿಗಳಿಗೂ ಅನ್ವಯವಾಗಿ, ಪ್ಲಾಸ್ಟಿಕ್ ಹೊಣೆಯನ್ನು ಗ್ರಾಮ ಪಂಚಾಯಿತಿಯ ಹೆಗಲಿಗೇರಿಸಿದವು. ಹಣ? ಸ್ವಚ್ಛ ಭಾರತದ ಗ್ರಾಮೀಣ ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆಂದು ನಿಗದಿಯಾದದ್ದು 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ತಲಾ 60 ರೂಪಾಯಿವರೆಗೆ, ಅದಕ್ಕೂ ದೊಡ್ಡ ಹಳ್ಳಿಗೆ ತಲಾ 45 ರೂಪಾಯಿವರೆಗೆ. ಎರಡು ಸಾವಿರ ಜನರ ಹಳ್ಳಿಗೆ ಹೆಚ್ಚೆಂದರೆ 1,20,000 ರೂಪಾಯಿ. ಲೆಕ್ಕ ಹಾಕಿದ್ದು ಊರಿನ ತಲೆ ಎಣಿಸಿ. ಆ ಊರಿನ ಮೂಲಕ ದಿನವೂ ಹಾದುಹೋಗುವ ಸಾವಿರಾರು ಪ್ರವಾಸಿಗರ ತಲೆ ಅದರಲ್ಲಿಲ್ಲ. ನಗರದ ಕಸವನ್ನು ಹಳ್ಳಿ ಹೊತ್ತದ್ದು ನಮಗೆ ಹೊಸತೂ ಅಲ್ಲ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಯಿತು. ಜನ ಬೀದಿಗಿಳಿದ ಮೇಲೆಯೇ 2012ರಲ್ಲಿ ಮಾವಳ್ಳಿಪುರದಲ್ಲಿ, 2014ರ ಕೊನೆಗೆ ಮಂಡೂರಿನಲ್ಲಿ ಕಸ ಸುರಿಯುವುದು ನಿಂತದ್ದು. ಅದರ ಸಣ್ಣ ರೂಪ ಇಂದು ಪ್ರತಿ ಪಟ್ಟಣದ ಹೊರವಲಯದಲ್ಲಿ ರಾತ್ರಿ ಹೊತ್ತು ನಡೆಯುತ್ತಿದೆ, ಮತ್ತು ಅದರ ಕಳಂಕ ಹಳ್ಳಿಯ ಹೆಸರಿಗೆ ಅಂಟುತ್ತಿದೆ.

ಹಾಗೆಂದು ಸಮೀಕ್ಷೆಯಿಂದ ಏನೂ ಆಗಿಲ್ಲ ಎನ್ನಲಾರೆ. ಅಂಕದ ಆಸೆಗಾದರೂ ಎಷ್ಟೋ ಪಂಚಾಯಿತಿಗಳಲ್ಲಿ ಒಣಕಸ ಘಟಕ ಎದ್ದಿತು. ಕರ್ನಾಟಕದ ಹಳ್ಳಿಗಳಲ್ಲಿ ‘ಸ್ವಚ್ಛ ವಾಹಿನಿ’ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ, ಅವರೇ ಕಸ ಬೇರ್ಪಡಿಸುತ್ತಾರೆ. ಹಾಲಿನ ಪೊಟ್ಟಣ, ರಟ್ಟು, ನೀರಿನ ಬಾಟಲಿಗೆ ಬೆಲೆ ಇದೆ. ಒಳಗೆ ಬೆಳ್ಳಿ ಬಣ್ಣದ ಪದರವಿರುವ ತಿಂಡಿ ಪೊಟ್ಟಣವನ್ನು ಗುಜರಿಯವರೂ ಮುಟ್ಟುವುದಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣಕಸ ನಿರ್ವಹಣಾ ಘಟಕ ಬಂದದ್ದು ಈ ಸಮಸ್ಯೆಗೆ ಸಿಕ್ಕ ಒಳ್ಳೆಯ ದಾರಿ. ಒಂದೇ ಪಂಚಾಯಿತಿಯಿಂದ ಆಗದ್ದನ್ನು ಹಲವು ಪಂಚಾಯಿತಿಗಳು ಕೂಡಿ ಮಾಡಿಕೊಂಡವು.

ರಸ್ತೆ ಬದಿಯ ಕಸವನ್ನೇ ಅಳೆಯಬೇಕೆಂದರೆ ಅದು ಕಷ್ಟದ ಕೆಲಸವೇನಲ್ಲ. ಇಂಗ್ಲೆಂಡಿನಲ್ಲಿ ರಸ್ತೆಯ ತುಣುಕುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಯಲ್ಲಿ ಗುರುತಿಸುತ್ತಾರೆ: ಕಸವೇ ಇಲ್ಲ, ಅಲ್ಲಲ್ಲಿ ಸ್ವಲ್ಪ, ಎಲ್ಲೆಡೆ ಹರಡಿದೆ, ರಾಶಿ ಬಿದ್ದಿದೆ. ಈಶಾನ್ಯ ಅಟ್ಲಾಂಟಿಕ್ ತೀರದ ದೇಶಗಳು 100 ಮೀಟರ್ ಕಡಲತೀರ ಗುರುತಿಸಿಕೊಂಡು, ವರ್ಷಕ್ಕೆ 4 ಬಾರಿ ಅದೇ ಜಾಗದಲ್ಲಿ ಒಂದೊಂದು ವಸ್ತುವನ್ನೂ ಎಣಿಸುತ್ತವೆ. ನಮ್ಮಲ್ಲೂ ತಾಲ್ಲೂಕಿಗೆ ಹತ್ತಿಪ್ಪತ್ತು ಕಡೆ 100 ಮೀಟರ್ ಗುರುತಿಸಿ, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಎಣಿಸಿದರೆ ಸಾಕು. ಎಷ್ಟು ಬಿದ್ದಿದೆ ಎನ್ನುವುದರ ಜೊತೆಗೆ ಏನು ಬಿದ್ದಿದೆ ಎಂಬುದೂ ಗೊತ್ತಾಗುತ್ತದೆ. ಅದು ಗೊತ್ತಾದರೆ ಮದ್ದೂ ತಿಳಿಯುತ್ತದೆ. ಗುಂಡ್ಲುಪೇಟೆ ದಾಟಿದರೆ ಸಿಗುವ ನೀಲಗಿರಿ ಜಿಲ್ಲೆಯನ್ನೇ ನೋಡಿ. ಕಾಡಿನಲ್ಲಿ, ರಸ್ತೆ ಬದಿಯಲ್ಲಿ ಬೀಳುತ್ತಿದ್ದ ಮದ್ಯದ ಬಾಟಲಿಗಳಿಂದ ಆನೆಗಳ ಕಾಲಿಗೆ ಗಾಯವಾಗುತ್ತಿದೆ ಎಂಬ ವಿಷಯ ಮದ್ರಾಸ್ ಹೈಕೋರ್ಟ್ ಮುಂದೆ ಬಂತು. 2022ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ತಂದರೆ ವಾಪಸು ಕೊಡುವ ವ್ಯವಸ್ಥೆ ಬಂತು. ಬಹುಪಾಲು ಬಾಟಲಿಗಳು ಅಂಗಡಿಗೆ ಮರಳತೊಡಗಿದವು. ನಮ್ಮ ಟೆಟ್ರಾ ಪೊಟ್ಟಣಗಳಿಗೂ ಅಂಥದ್ದೊಂದು ಬೆಲೆ ಕಟ್ಟಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲಿಯವರೆಗೆ ನಿಮ್ಮ ಕೈಲಾಗುವ ಕೆಲಸ ಒಂದಿದೆ. ಕಸ ಬಿದ್ದ ರಸ್ತೆ ಯಾರದು ಎಂದು ಮೊದಲು ತಿಳಿದುಕೊಳ್ಳಿ. ಹತ್ತಿರದ ಕಿಲೋಮೀಟರ್ ಕಲ್ಲು ನೋಡಿ: ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಪ್ಪಿದ್ದರೆ ಜಿಲ್ಲಾ ರಸ್ತೆ, ಕಿತ್ತಳೆಯಿದ್ದರೆ ಗ್ರಾಮೀಣ ರಸ್ತೆ. ಹಸಿರು, ಕಪ್ಪು ಕಲ್ಲಿನ ರಸ್ತೆಗಳ ಬಗ್ಗೆ ಪಂಚಾಯಿತಿಯನ್ನಷ್ಟೇ ಬೈದರೆ ಫಲವಿಲ್ಲ. ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಒಂದೇ ಅರ್ಜಿಯ ಎರಡು ಪ್ರತಿ ಕೊಟ್ಟು, ಎರಡರ ಮೇಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಕಿಲೋಮೀಟರ್ ಕಲ್ಲಿನ ಸಂಖ್ಯೆ, ದಿನಾಂಕ, ಫೋಟೊ ಇರಲಿ. ಮುಂದಿನ ಗ್ರಾಮ ಸಭೆಯಲ್ಲಿ ಆ ಪ್ರತಿಗಳನ್ನೇ ಮುಂದಿಟ್ಟು, ಆ ಮೋರಿಯ ಕಸ ಎತ್ತುವವರು ಯಾರು, ಯಾವ ಅನುದಾನದಿಂದ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.