ಕಾಮಿಕ್ಸ್ ಕೋಡ್ ಬಂದ ಮೇಲೆ ಔಟ್‌ಲಾ ಕಾಮಿಕ್ಸ್ ನಿಂತುಹೋದವಾ?

ಪ್ರಶ್ನೆ: ನನಗೆ ಒಂದು ಹಳೆಯ ‘ಕಿಡ್ ಕೋಲ್ಟ್ ಔಟ್‌ಲಾ’ ಕಾಮಿಕ್ಸ್ ಸಿಕ್ಕಿದೆ. ಅಮೆರಿಕದಲ್ಲಿ 1954ರಲ್ಲಿ ಕಾಮಿಕ್ಸ್ ಕೋಡ್ (ಕಾಮಿಕ್ಸ್‌ನಲ್ಲಿ ಏನೇನು ಇರಬಾರದು ಅನ್ನುವ ನಿಯಮಾವಳಿ) ಬಂದು ಔಟ್‌ಲಾ, ಅಂದರೆ ಕಾನೂನಿನಿಂದ ತಲೆಮರೆಸಿಕೊಂಡವರ ಕಥೆಗಳಿಗೆಲ್ಲ ಬೀಗ ಬಿತ್ತು ಅಂತಾರೆ. ಹಾಗಾದರೆ ನನ್ನ ಪುಸ್ತಕ ಅದಕ್ಕಿಂತ ಹಳೆಯದೇ ಇರಬೇಕು, ಅಲ್ವಾ?

ಉತ್ತರ: ಹಾಗೇನಿಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಕೂತು ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಮೊದಲು ನಿಮ್ಮ ಪುಸ್ತಕ ನೋಡೋಣ. ಮುಖಪುಟದ ಮೇಲ್ಭಾಗದಲ್ಲಿ ಅಂಚೆಚೀಟಿ ಆಕಾರದ ಸಣ್ಣ ಮುದ್ರೆ ಇದ್ದರೆ ಅದು ಕೋಡ್ ಒಪ್ಪಿದ ಪುಸ್ತಕ, ಅಂದರೆ 1955 ಅಥವಾ ಆಮೇಲಿನದು. ಬೆಲೆ 10 ಸೆಂಟ್ ಇದ್ದರೆ 1962ರ ಆರಂಭಕ್ಕಿಂತ ಈಚಿನದಲ್ಲ. ಒಳಗಿನ ಮೊದಲ ಪುಟದ ಕೆಳಗಡೆ ತೀರಾ ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ ಇರುತ್ತದೆ. ಎಲ್ಲಕ್ಕಿಂತ ನಂಬಬೇಕಾದದ್ದು ಅದನ್ನು. ಮುದ್ರೆ ಇಲ್ಲ ಅಂದ ಮಾತ್ರಕ್ಕೆ 1954ಕ್ಕಿಂತ ಹಳೆಯದು ಅಂದುಕೊಳ್ಳಬೇಡಿ. ಡೆಲ್ ಕಂಪನಿ ಕೋಡ್‌ಗೆ ಸೇರಲೇ ಇಲ್ಲ. ಅವರ ‘ಲೋನ್ ರೇಂಜರ್’ 1948ರಿಂದ 1962ರವರೆಗೂ ಮುದ್ರೆಯಿಲ್ಲದೆಯೇ ಬಂತು.

ಇನ್ನು ಆ ಬೀಗದ ಕಥೆ. 1954ರಲ್ಲಿ, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆಯಾ ಅಂತ ಸೆನೆಟ್ ಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಅಕ್ಟೋಬರಿನಲ್ಲಿ ತಾವೇ ಕೋಡ್ ಮಾಡಿಕೊಂಡರು. ಇಷ್ಟು ನಿಜ. ದೊಡ್ಡ ಏಟು ಬಿದ್ದದ್ದು ಕ್ರೈಮ್ ಮತ್ತು ಹಾರರ್ ಕಾಮಿಕ್ಸ್‌ಗೆ. ಹೆಸರಿನಲ್ಲಿ ‘ಹಾರರ್’, ‘ಟೆರರ್’ ಹಾಕುವಂತಿಲ್ಲ. ‘ಕ್ರೈಮ್’ ಅನ್ನುವುದನ್ನು ಉಳಿದ ಪದಗಳಿಗಿಂತ ದೊಡ್ಡದಾಗಿ ಬರೆಯುವಂತಿಲ್ಲ. ‘ಔಟ್‌ಲಾ’ ಪದಕ್ಕೆ ಅಂಥ ಯಾವ ನಿಷೇಧವೂ ಇರಲಿಲ್ಲ.

ನಂಬಿಕೆ ಬರಲಿಲ್ಲವಾ? ‘ವೆಸ್ಟರ್ನ್ ಔಟ್‌ಲಾಸ್’ ಎಂಬ ಒಂದೇ ಹೆಸರಿನ ಎರಡು ಕಾಮಿಕ್ಸ್ ತೆಗೆದುಕೊಳ್ಳಿ. ಮೊದಲನೆಯದು ಫಾಕ್ಸ್ ಕಂಪನಿಯದು. ಸೆಪ್ಟೆಂಬರ್ 1948ಕ್ಕೆ ಶುರುವಾಗಿ ಮೇ 1949ಕ್ಕೆ ಮುಗಿಯಿತು. ಆಗ 1954ರ ಈ ಕೋಡ್ ಇನ್ನೂ ಬಂದಿರಲಿಲ್ಲ. ಪ್ರೇಮಕಥೆಗಳ ಕಾಮಿಕ್ಸ್ ಸಿಕ್ಕಾಪಟ್ಟೆ ಓಡುತ್ತಿದ್ದ ಕಾಲ ಅದು. ಫಾಕ್ಸ್‌ನವರು ಔಟ್‌ಲಾಗಳನ್ನು ಬಿಟ್ಟು ಅದೇ ಪತ್ರಿಕೆಯನ್ನು ‘ಮೈ ಸೀಕ್ರೆಟ್ ಲೈಫ್’ ಎಂದು ಬದಲಾಯಿಸಿದರು. ಎರಡನೆಯದು ಅಟ್ಲಾಸ್‌ನದು, ಮುಂದೆ ಮಾರ್ವೆಲ್ ಆದ ಕಂಪನಿ. ಇದು ಫೆಬ್ರವರಿ 1954ಕ್ಕೆ ಶುರು. ಕೋಡ್ ಬಂತು, ಮುದ್ರೆ ಬಂತು, ‘ಔಟ್‌ಲಾಸ್’ ಅನ್ನುವ ಹೆಸರು ಹಾಗೇ ಉಳಿಯಿತು. ಆಗಸ್ಟ್ 1957ರವರೆಗೆ 21 ಸಂಚಿಕೆ ಬಂದವು. ಅಂದರೆ ಈ ಕೋಡ್ ಇಲ್ಲದಾಗ ಸತ್ತದ್ದು ಒಂದು, ಕೋಡ್ ಇದ್ದೂ ಬದುಕಿದ್ದು ಇನ್ನೊಂದು.

ನಿಮ್ಮ ಕಿಡ್ ಕೋಲ್ಟ್ 1948ರಿಂದ 1979ರವರೆಗೆ 229 ಸಂಚಿಕೆ ಓಡಿದ. ಚಾರ್ಲ್‌ಟನ್ ಕಂಪನಿ ತನ್ನ ‘ಬಿಲ್ಲಿ ದ ಕಿಡ್’ ಶುರು ಮಾಡಿದ್ದೇ ಕೋಡ್ ಬಂದ ಮೇಲೆ, 1957ರಲ್ಲಿ. ಅದು 1983ರವರೆಗೆ ನಡೆಯಿತು. ನಿಜವಾದ ದರೋಡೆಕೋರ ಜೆಸ್ಸಿ ಜೇಮ್ಸ್ ಹೆಸರಿನ ಏವನ್ ಕಾಮಿಕ್ಸ್ ಕೂಡ 1956ರವರೆಗೆ ಬಂತು. ಇಷ್ಟಾದ ಮೇಲೂ ‘ಕೋಡ್ ಕೊಂದಿತು’ ಅನ್ನುವವರಿಗೆ ನಾನು ಇನ್ನೇನು ಹೇಳಲಿ?

ಹಾಗಂತ ಕೋಡ್ ಏನೂ ಮಾಡಲಿಲ್ಲ ಅಂತಲ್ಲ. ಅಪರಾಧಿಯ ಮೇಲೆ ಓದುಗರಿಗೆ ಕನಿಕರ ಹುಟ್ಟುವಂತೆ ಬರೆಯಬಾರದು ಅನ್ನುವ ನಿಯಮ ಬಂತು. ಆದರೆ ವೆಸ್ಟರ್ನ್ (ಕೌಬಾಯ್) ಕಥೆಗಾರರ ಹತ್ತಿರ ಇದಕ್ಕೆ ದಾರಿ ಮೊದಲೇ ಇತ್ತು. ಅವರ ಹೀರೋ ಕಾನೂನಿನ ಕಣ್ಣಿಗೆ ಮಾತ್ರ ಅಪರಾಧಿ. ಕಿಡ್ ಕೋಲ್ಟ್ ತನ್ನ ಅಪ್ಪನನ್ನು ಕೊಂದವನ ಜೊತೆ ಎದುರಾಎದುರು ನಿಂತು ಗುಂಡಿನ ಕಾಳಗ ಮಾಡಿ ಗೆದ್ದ, ಆಮೇಲೆ ಓಡಿಹೋದ. ಮೋಸ ಇಲ್ಲ, ಕಳ್ಳತನ ಇಲ್ಲ. ತಲೆಗೆ ಮಾತ್ರ ಬಹುಮಾನ! ಈ ಕಥೆ ಕೋಡ್‌ಗಿಂತ ಹಳೆಯದು. 1960ರಲ್ಲಿ ಬಂದ ಇನ್ನೊಬ್ಬ ಹೀರೋ ರಾಹೈಡ್ ಕಿಡ್ ಕೂಡ ಇದೇ ಜಾತಿ. ಶೆರಿಫ್ ತಪ್ಪು ತಿಳಿದ, ಹುಡುಗ ಓಡಿದ, ಔಟ್‌ಲಾ ಆದ. ಕೋಡ್ ಬಂದ ಮೇಲೆ ಹೀರೋಗಳು ಎದುರಾಳಿಯ ಕೈಯಲ್ಲಿರುವ ಪಿಸ್ತೂಲಿಗೆ ಗುರಿಯಿಟ್ಟು ಹೊಡೆಯುವುದು ಜಾಸ್ತಿಯಾಯಿತು. ರಕ್ತ ಕಾಣಿಸದು, ಕೆಲಸವೂ ಆಗುತ್ತದೆ. ಕಲಾವಿದರು ಆ ಒಂದು ಹೊಡೆತವನ್ನು ಎಷ್ಟು ಬಗೆಯಲ್ಲಿ ಬರೆದಿದ್ದಾರೆ ಅಂತ ನೋಡಿದರೆ ಅವರ ಮೇಲೆ ಗೌರವ ಹುಟ್ಟುತ್ತದೆ.

ಹಾಗಾದರೆ 1957ರಲ್ಲಿ ಅಟ್ಲಾಸ್‌ನ ಅಷ್ಟೊಂದು ಪತ್ರಿಕೆ ಒಟ್ಟಿಗೆ ನಿಂತದ್ದು ಯಾಕೆ? ವಿತರಣೆಯಿಂದ. ಅಟ್ಲಾಸ್ ನಂಬಿಕೊಂಡಿದ್ದ ಅಮೆರಿಕನ್ ನ್ಯೂಸ್ ಕಂಪನಿ ಆ ವರ್ಷ ವಿತರಣೆ ನಿಲ್ಲಿಸಿತು. ಅಟ್ಲಾಸ್ ಬೇರೆ ದಾರಿಯಿಲ್ಲದೆ ಎದುರಾಳಿ ಕಾಮಿಕ್ಸ್ ಕಂಪನಿ ಡಿಸಿ ಕಡೆಯವರದ್ದೇ ಆದ ವಿತರಕ ಇಂಡಿಪೆಂಡೆಂಟ್ ನ್ಯೂಸ್ ಹತ್ತಿರ ಹೋಯಿತು. ಅವರು ತಿಂಗಳಿಗೆ ಎಂಟೇ ಪುಸ್ತಕ ಅಂತ ಮಿತಿ ಹಾಕಿದರು. ‘ವೆಸ್ಟರ್ನ್ ಔಟ್‌ಲಾಸ್’ ಹೋಯಿತು. ಆ ಸಣ್ಣ ಪಟ್ಟಿಯಲ್ಲಿ ಉಳಿದ ಕೆಲವೇ ಹೆಸರುಗಳಲ್ಲಿ ‘ಕಿಡ್ ಕೋಲ್ಟ್ ಔಟ್‌ಲಾ’ ಒಂದು. ಔಟ್‌ಲಾ ಮೇಲೆ ನಿಷೇಧ ಇದ್ದಿದ್ದರೆ ಅದನ್ನು ಉಳಿಸಿಕೊಳ್ಳುತ್ತಿದ್ದರಾ?

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ಸುಮ್ನೆ ದುಡ್ಡು ಕಳೆದುಕೊಳ್ಳಬಾರದು ಅಂತ. ಫಾಕ್ಸ್‌ನ ‘ವೆಸ್ಟರ್ನ್ ಔಟ್‌ಲಾಸ್’ನ ಮೊದಲ ಸಂಚಿಕೆಯ ಮೇಲಿರುವ ಸಂಖ್ಯೆ 17! ಅದಕ್ಕೂ ಮುಂಚಿನ 9ರಿಂದ 16ರವರೆಗಿನ ಸಂಖ್ಯೆಗಳು ‘ಜೂನಿಯರ್ ಕಾಮಿಕ್ಸ್’ ಹೆಸರಿನಲ್ಲಿ ಹೋಗಿದ್ದವು. ಹೊಸ ಪತ್ರಿಕೆ ಅಂದರೆ ಅಂಚೆ ಇಲಾಖೆಯಿಂದ ರಿಯಾಯಿತಿ ದರಕ್ಕೆ ಹೊಸ ಪರವಾನಗಿ, ಹೊಸ ಶುಲ್ಕ. ಅದನ್ನು ಉಳಿಸಲು ಎಷ್ಟೋ ಪ್ರಕಾಶಕರು ಹೆಸರು ಬದಲಾಯಿಸಿ ಸಂಖ್ಯೆ ಮುಂದುವರಿಸುತ್ತಿದ್ದರು. ಹಾಗಾಗಿ ಫಾಕ್ಸ್‌ನ ‘ವೆಸ್ಟರ್ನ್ ಔಟ್‌ಲಾಸ್ 1’ ಇದೆ ಅಂತ ಯಾರಾದರೂ ಹೇಳಿದರೆ ಕೊಳ್ಳಬೇಡಿ. ‘ರಾಹೈಡ್ ಕಿಡ್’ ವಿಷಯದಲ್ಲೂ ಜೋಪಾನ. 16ನೇ ಸಂಚಿಕೆ ಸೆಪ್ಟೆಂಬರ್ 1957ರದು. ಬರಹಗಾರ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಹೊಸ ಹೀರೋನನ್ನು ತಂದ 17ನೆಯದು ಆಗಸ್ಟ್ 1960ರದು. ನಡುವೆ ಸುಮಾರು ಮೂರು ವರ್ಷ ಖಾಲಿ. ಆ ಅವಧಿಯ ಸಂಚಿಕೆಗಳನ್ನು ಹುಡುಕಬೇಡಿ, ಅವು ಅಚ್ಚಾಗಿಯೇ ಇಲ್ಲ.